ನಾಲ್ಕು ಸೆಕೆಂಡಿನ ಕಂಪ್ಯೂಟರ್

ತುಮಕೂರಿನಲ್ಲಿರುವ ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಎರಡನೇ ವರ್ಷ. ಲ್ಯಾಪ್‌ಟಾಪ್ ಬೇಡ, ಬಿಡಿಭಾಗ ತಂದು ನಾನೇ ಜೋಡಿಸ್ತೀನಿ ಅಂತ ಹಟ ಹಿಡಿದಿದ್ದ. ಭಾವ ಕೊನೆಗೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: "ನಿಮ್ಮ ಮಾಮನ್ನ ಕೇಳ್ಕೊಂಡು ಏನಾದ್ರೂ ಮಾಡ್ಕೋ, ನನ್ನ ತಲೆ ತಿನ್ಬೇಡ." ಹೀಗೆ ಮೈಸೂರಿನಲ್ಲಿ ಕೂತ ನಾನು ಈ ಪ್ರಕರಣಕ್ಕೆ ಮೊದಲ ದಿನದಿಂದಲೇ ಜವಾಬ್ದಾರನಾಗಿದ್ದೆ. ಪರಿಚಯದವರಿಗೆ ಕಂಪ್ಯೂಟರ್ ಜೋಡಿಸಿಕೊಡುವುದು ನನ್ನ ಹಳೆಯ ಹವ್ಯಾಸ. ಹವ್ಯಾಸ ಹಳೆಯದಾದಷ್ಟೂ ಜಂಬ ಹೆಚ್ಚುತ್ತದೆ. ಈ ಪ್ರಕರಣದಲ್ಲಿ ಅದಕ್ಕೂ ಒಂದು ಪಾತ್ರವಿದೆ.

ಸಾಮಾನೆಲ್ಲ ಬಂದದ್ದು ಬೆಂಗಳೂರಿನ ಎಸ್‌.ಪಿ. ರೋಡಿನಿಂದ. ಎಎಂ5 ಸಾಕೆಟ್ಟಿನ (ಪ್ರೊಸೆಸರ್ ಕೂರುವ ಗೂಡಿನ ಒಂದು ಮಾದರಿ) ಆರು ಕೋರಿನ ಪ್ರೊಸೆಸರ್, ಬಿ650 ಚಿಪ್‌ಸೆಟ್ಟಿನ ಮೈಕ್ರೋ ಎಟಿಎಕ್ಸ್ ಮದರ್‌ಬೋರ್ಡ್, 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ, 650 ವ್ಯಾಟಿನ ಪವರ್ ಸಪ್ಲೈ. ಗ್ರಾಫಿಕ್ಸ್ ಕಾರ್ಡ್ ಸದ್ಯಕ್ಕೆ ಬೇಡ, ಪ್ರೊಸೆಸರಿನೊಳಗೆ ಇರುವುದೇ ಸಾಕು ಅಂದುಕೊಂಡಿದ್ದೆವು. ಇವೆಲ್ಲ ಕೂರುವ ಪೆಟ್ಟಿಗೆ, ಅಂದರೆ ಕೇಸ್, ಮಾತ್ರ ಅವನ ಆಯ್ಕೆ. ಒಂದು ಪಕ್ಕಕ್ಕೆ ಗಾಜು, ಮುಂದೆ ಮೂರು ಬಣ್ಣದ ಫ್ಯಾನು, ಮೇಲ್ಭಾಗದ ಅಂಚಿನಲ್ಲಿ ಗುಂಡಗೆ ಹೊಳೆಯುವ ಪವರ್ ಬಟನ್, ಅದರ ಪಕ್ಕದಲ್ಲಿ ಹೆಸರುಕಾಳಿನಷ್ಟು ಚಿಕ್ಕ ರೀಸೆಟ್ ಬಟನ್.

ಆಯುಧಪೂಜೆಯ ಹಿಂದಿನ ರಾತ್ರಿ ಜೋಡಣೆ ಮುಗಿಸಿದ. ಮಾರನೇ ದಿನ ಮಧ್ಯಾಹ್ನ ಫೋನ್ ಬಂತು.

"ಮಾಮ, ಆನ್ ಆಗತ್ತೆ, ಫ್ಯಾನೆಲ್ಲ ತಿರುಗತ್ತೆ, ಆಫ್ ಆಗತ್ತೆ. ಮತ್ತೆ ತಾನೇ ಆನ್ ಆಗತ್ತೆ. ಬಿಟ್ರೆ ಇಡೀ ದಿನ ಹಿಂಗೇ ಮಾಡತ್ತೆ."

"ಸ್ಕ್ರೀನಲ್ಲಿ ಏನಾದ್ರೂ ಬರತ್ತಾ?"

"ಏನೂ ಇಲ್ಲ ಮಾಮ. ಬೋರ್ಡ್ ಮೇಲೆ ಡಿರ‍್ಯಾಮ್ ಅಂತ ಒಂದು ಲೈಟ್ ಉರಿಯತ್ತೆ ಅಷ್ಟೆ."

ವಿಡಿಯೋ ಮಾಡಿ ವಾಟ್ಸಾಪಿಗೆ ಹಾಕು ಅಂದೆ, ಹಾಕಿದ. ಒಂದೂವರೆ ನಿಮಿಷದ ವಿಡಿಯೋ. ಉತ್ತರವೆಲ್ಲ ಅದರಲ್ಲೇ ಇತ್ತು. ನಾನು ನೋಡಿದ್ದು ಮಾತ್ರ ಆ ಹಳದಿ ಲೈಟನ್ನು.

ಫೋನಿನಲ್ಲಿ ನಡೆದ ಚಿಕಿತ್ಸೆ

ಈಗಿನ ಬಹಳಷ್ಟು ಬೋರ್ಡುಗಳಲ್ಲಿ ನಾಲ್ಕು ಪುಟ್ಟ ದೀಪಗಳಿರುತ್ತವೆ: ಸಿಪಿಯು, ಡಿರ‍್ಯಾಮ್, ವಿಜಿಎ (ಗ್ರಾಫಿಕ್ಸ್), ಬೂಟ್. ಬೋರ್ಡು ಎದ್ದಾಗ ಒಂದೊಂದನ್ನೇ ಪರೀಕ್ಷಿಸುತ್ತ ಹೋಗುತ್ತದೆ. ಪರೀಕ್ಷೆ ಎಲ್ಲಿ ನಿಂತಿದೆಯೋ ಅಲ್ಲಿನ ದೀಪ ಉರಿಯುತ್ತಿರುತ್ತದೆ. ಡಿರ‍್ಯಾಮ್ ದೀಪ ಉರಿಯುತ್ತಿದೆ ಎಂದರೆ ರ‍್ಯಾಮಿನದೇ ತೊಂದರೆ ಎಂದು ಯಾರಾದರೂ ಓದಿಕೊಳ್ಳುತ್ತಾರೆ. ನಾನೂ ಹಾಗೇ ಓದಿದೆ.

ಆದರೂ ನನ್ನ ಮೊದಲ ಅನುಮಾನ ರ‍್ಯಾಮ್ ಕೆಟ್ಟಿದೆ ಎಂದಲ್ಲ, ಹುಡುಗನಿಗೆ ತಾಳ್ಮೆ ಇಲ್ಲ ಎಂದು. ಡಿಡಿಆರ್5 ರ‍್ಯಾಮ್ ಹಾಕಿದ ಹೊಸ ಯಂತ್ರ ಮೊದಲ ಸಲ ಎದ್ದಾಗ, ಪ್ರೊಸೆಸರಿಗೂ ರ‍್ಯಾಮಿಗೂ ನಡುವಿನ ಸಂಕೇತಗಳ ಕಾಲಮಾನವನ್ನು ಹೊಂದಿಸಿಕೊಳ್ಳುತ್ತದೆ. ಇದಕ್ಕೆ ಮೆಮೊರಿ ಟ್ರೇನಿಂಗ್ ಅನ್ನುತ್ತಾರೆ. ಎಎಂ5 ಬೋರ್ಡುಗಳಲ್ಲಿ ಇದು ಕೆಲವು ನಿಮಿಷಗಳನ್ನೇ ತಿನ್ನಬಹುದು. ಅಷ್ಟು ಹೊತ್ತೂ ಪರದೆ ಕಪ್ಪು. ನಡುವೆ ಯಂತ್ರ ಒಂದೆರಡು ಸಲ ತಾನೇ ಆರಿ ಹೊತ್ತಿಕೊಳ್ಳುವುದೂ ಉಂಟು. ಇದು ಗೊತ್ತಿಲ್ಲದೆ ಒಂದು ನಿಮಿಷಕ್ಕೇ ಹೆದರಿ ಸ್ವಿಚ್ ಆರಿಸಿ, ಬೋರ್ಡ್ ಸತ್ತಿದೆ ಅಂತ ವಾಪಸ್ ಹೊತ್ತುಕೊಂಡು ಹೋದವರನ್ನು ನಾನು ಕಂಡಿದ್ದೇನೆ. ಹಾಗಾಗಿ "ಹತ್ತು ನಿಮಿಷ ಮುಟ್ಟಬೇಡ, ಹಾಗೇ ಬಿಡು" ಅಂದೆ. ಬಿಟ್ಟ. ಹತ್ತು ನಿಮಿಷದ ನಂತರವೂ ಅದೇ ಕುಣಿತ.

ಆಮೇಲೆ ಎಲ್ಲರೂ ಹೇಳುವ ಮದ್ದುಗಳು. ಒಂದು ರ‍್ಯಾಮ್ ತೆಗೆದು, ಇನ್ನೊಂದನ್ನು ಪ್ರೊಸೆಸರಿನಿಂದ ಎರಡನೇ ಸ್ಲಾಟಿಗೆ ಹಾಕಿ ನೋಡು. ಅದನ್ನು ತೆಗೆದು ಇದನ್ನು ಹಾಕು. ವೈರ್ ಕಿತ್ತು, ಬೋರ್ಡಿನ ಮೇಲಿನ ನಾಣ್ಯದಂಥ 2032 ಸೆಲ್ ತೆಗೆದು, ಐದು ನಿಮಿಷ ಬಿಟ್ಟು ಮತ್ತೆ ಹಾಕು. ಬಲಬದಿಯ 24 ಪಿನ್ನಿನ ವೈರನ್ನೂ ಮೇಲೆ ಮೂಲೆಯಲ್ಲಿ ಪ್ರೊಸೆಸರಿಗೆ ಹೋಗುವ 8 ಪಿನ್ನಿನ ವೈರನ್ನೂ ಟಕ್ ಅನ್ನುವವರೆಗೆ ಒತ್ತು. ಪ್ರೊಸೆಸರನ್ನು ತಣಿಸುವ ಕೂಲರಿನ ತಳದ ಪ್ಲಾಸ್ಟಿಕ್ ಹಾಳೆ ತೆಗೆದಿದ್ದೀಯಾ? ಎಲ್ಲ ಮಾಡಿದ್ದ. ಕೂಲರ್ ಬಿಚ್ಚಿ ಫೋಟೋ ಕಳಿಸಿದ, ಪೇಸ್ಟ್ ಸರಿಯಾಗಿಯೇ ಹರಡಿತ್ತು.

ಕೊನೆಗೆ ಹುಡುಗ ನನ್ನನ್ನು ಕೇಳದೆ ರ‍್ಯಾಮ್ ಜೇಬಿಗೆ ಹಾಕಿಕೊಂಡು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋದ. ಅಂಗಡಿಯವರು ತಮ್ಮ ಯಂತ್ರಕ್ಕೆ ಹಾಕಿ ನೋಡಿ, "ಚೆನ್ನಾಗೇ ಇದ್ಯಲ್ಲಪ್ಪ" ಅಂದರು. ಇವನ ಮುಖ ನೋಡಿ ಪಾಪ ಬೇರೆ ಜೋಡಿಯನ್ನೂ ಕೊಟ್ಟರು. ಸಂಜೆ ತಂದು ಹಾಕಿದ. ಹಳದಿ ದೀಪ ಹಾಗೇ ಉರಿಯಿತು.

ಇಲ್ಲಿ ನಾನು ನಿಂತು ಯೋಚಿಸಬೇಕಿತ್ತು. ಎರಡು ಜೋಡಿ ರ‍್ಯಾಮ್, ಅದರಲ್ಲಿ ಒಂದು ಬೇರೆ ಯಂತ್ರದಲ್ಲಿ ಓಡಿದ್ದು. ಎರಡಕ್ಕೂ ಒಂದೇ ದೀಪ. ಹಾಗಾದರೆ ದೀಪ ಹೇಳುತ್ತಿರುವುದು ರ‍್ಯಾಮ್ ಕೆಟ್ಟಿದೆ ಎಂದಲ್ಲ, ರ‍್ಯಾಮಿನ ಪಾಠ ಮುಗಿಯುವ ಮುಂಚೆಯೇ ಯಾರೋ ಶಾಲೆಯ ಗಂಟೆ ಬಾರಿಸುತ್ತಿದ್ದಾರೆ ಎಂದು. ಟ್ರೇನಿಂಗಿಗೆ ನಿಮಿಷಗಳು ಬೇಕು, ಯಂತ್ರ ಕೆಲವೇ ಸೆಕೆಂಡಿಗೆ ಆರುತ್ತಿದೆ. ಮತ್ತೆ ಎದ್ದಾಗ ಪಾಠ ಮೊದಲಿನಿಂದ ಶುರು. ಏನೇ ಕಾರಣಕ್ಕೆ ಆರಿದರೂ ಆ ಹೊತ್ತಿಗೆ ಉರಿಯುತ್ತಿರುವುದು ಅದೇ ದೀಪ. ಆದರೆ ಆಗ ನನಗೆ ಇದು ಹೊಳೆಯಲಿಲ್ಲ. "ಭಾನುವಾರ ಬರ್ತೀನಿ, ಏನೂ ಮುಟ್ಬೇಡ" ಅಂದು ಫೋನಿಟ್ಟೆ.

ಹಿತ್ತಾಳೆಯ ಕಂಬ

ಭಾನುವಾರ ಹತ್ತು ಗಂಟೆಗೆ ತುಮಕೂರು. ಹುಡುಗನ ಕೋಣೆಯಲ್ಲಿ ಯಂತ್ರ ಮೇಜಿನ ಮೇಲೆ ಮೆರವಣಿಗೆಗೆ ಸಿದ್ಧವಾದ ಹಾಗೆ ಕೂತಿತ್ತು. ಗಾಜಿನ ಮೇಲೆ ಅರಿಶಿನ ಕುಂಕುಮದ ಬೊಟ್ಟು, ತಲೆಯ ಮೇಲೆ ಬಾಡಿದ ಸೇವಂತಿಗೆ, ಬಟನ್ನಿನ ಮೇಲೊಂದು ಬೊಟ್ಟು. ಆಯುಧಪೂಜೆಯಲ್ಲಿ ಸ್ಕೂಟರು, ಮಿಕ್ಸಿ, ಹೊಲಿಗೆ ಮಿಷನ್ನಿನ ಸಾಲಿನಲ್ಲಿ ಇದನ್ನೂ ಇಟ್ಟಿದ್ದರಂತೆ. ಪೂಜೆ ಆಗುವವರೆಗೆ ಸ್ವಿಚ್ ಹಾಕಕೂಡದು ಅಂತ ಅಕ್ಕನ ಅಪ್ಪಣೆ. ನೋಡಿ ನಕ್ಕೆ, ಸೇವಂತಿಗೆ ತೆಗೆದಿಟ್ಟೆ, ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ.

ಗಾಜು ಬಿಚ್ಚಿ ಟಾರ್ಚ್ ಬಿಟ್ಟು ನೋಡಿದಾಗ ಐದೇ ನಿಮಿಷದಲ್ಲಿ ಕಳ್ಳ ಸಿಕ್ಕಿದ ಅನ್ನಿಸಿತು. ಮದರ್‌ಬೋರ್ಡು ಕೇಸಿನ ತಗಡಿಗೆ ತಾಗದಂತೆ ಹಿತ್ತಾಳೆಯ ಪುಟ್ಟ ಕಂಬಗಳ ಮೇಲೆ ಕೂರುತ್ತದೆ, ಸ್ಟ್ಯಾಂಡ್‌ಆಫ್ ಅನ್ನುತ್ತಾರೆ. ಈ ಕೇಸಿನಲ್ಲಿ ಕಾರ್ಖಾನೆಯಿಂದಲೇ ದೊಡ್ಡ ಎಟಿಎಕ್ಸ್ ಬೋರ್ಡಿನ ಲೆಕ್ಕಕ್ಕೆ ಕಂಬ ನೆಟ್ಟಿದ್ದರು. ಇವನದು ಚಿಕ್ಕ ಬೋರ್ಡು. ಅದರಲ್ಲಿ ತೂತಿಲ್ಲದ ಜಾಗದ ಕೆಳಗೆ ಒಂದು ಕಂಬ ಹಾಗೇ ಉಳಿದು, ಬೋರ್ಡಿನ ಹಿಂಬದಿಯ ಬೆಸುಗೆಯ ಮೊನೆಗಳಿಗೆ ಒತ್ತಿಕೊಂಡಿತ್ತು. ಹೊಸದಾಗಿ ಜೋಡಿಸುವವರು ಮಾಡುವ ತಪ್ಪುಗಳಲ್ಲಿ ಇದು ಹೆಸರುವಾಸಿ.

"ನೋಡೋ ಇಲ್ಲಿ, ಇದೇ ಶಾರ್ಟ್ ಮಾಡ್ತಿರೋದು" ಅಂದೆ. ಹುಡುಗ ಕೆಂಪಾದ. ಅಡುಗೆಮನೆಯಿಂದ ಅಕ್ಕ ಇಣುಕಿ, "ಸಿಕ್ತಂತಾ?" ಅಂದಳು. ನಾನು ಹೂಂ ಅಂದೆ. ಹಾಗೆ ಅನ್ನಬಾರದಿತ್ತು.

ಬೋರ್ಡನ್ನು ಹೊರತೆಗೆದು, ಅದು ಬಂದ ರಟ್ಟಿನ ಡಬ್ಬದ ಮೇಲೆ ಇಟ್ಟೆವು. ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್, ಪವರ್ ಸಪ್ಲೈ, ಟಿವಿಗೆ ಒಂದು ಎಚ್‌ಡಿಎಂಐ ವೈರ್, ಅಷ್ಟೇ. ಬೇರೇನೂ ಇಲ್ಲ. ಟಿವಿ ಹಾಲ್‌ನಲ್ಲಿದ್ದರಿಂದ ಎಲ್ಲವನ್ನೂ ಅಲ್ಲಿಗೇ ಸಾಗಿಸಿದೆವು. ಡಬ್ಬದ ಮೇಲೆ ಬಟನ್ ಎಲ್ಲಿಂದ ಬರಬೇಕು? ಬೋರ್ಡಿನ ಕೆಳಮೂಲೆಯಲ್ಲಿ ಪವರ್ ಬಟನ್ನಿನ ವೈರ್ ಸಿಕ್ಕಿಸುವ ಎರಡು ಪಿನ್ ಇರುತ್ತವಲ್ಲ, ಅವಕ್ಕೆ ಸ್ಕ್ರೂಡ್ರೈವರಿನ ತುದಿಯನ್ನು ಅರೆಕ್ಷಣ ತಾಗಿಸಿದರೆ ಬಟನ್ ಒತ್ತಿದ ಹಾಗೇ. ಅಲ್ಲಿರುವುದು ಬರೀ ಸಂಕೇತದ ವೋಲ್ಟೇಜು, ಹೆದರಬೇಕಿಲ್ಲ. ಪವರ್ ಸಪ್ಲೈಯ ಡಬ್ಬವನ್ನು ಬಿಚ್ಚುವುದು ಬೇರೆ ಮಾತು. ವೈರ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಹೊಡೆತ ಕೊಡುವಷ್ಟು ವಿದ್ಯುತ್ ಕೂತಿರುತ್ತದೆ, ಅದನ್ನು ಮನೆಯಲ್ಲಿ ಯಾರೂ ಬಿಚ್ಚಕೂಡದು.

ತಾಗಿಸಿದೆ. ಫ್ಯಾನ್ ತಿರುಗಿತು. ಹಳದಿ ದೀಪ. ಐದು ಸೆಕೆಂಡು, ಹತ್ತು, ಮೂವತ್ತು. ಆರಲಿಲ್ಲ. ಎರಡು ನಿಮಿಷದ ಮೇಲೆ ಟಿವಿಯಲ್ಲಿ ಬಯಾಸ್ ಪರದೆ, ಅಂದರೆ ವಿಂಡೋಸಿಗೂ ಮುಂಚೆ ಬರುವ ಬೋರ್ಡಿನದೇ ಸೆಟ್ಟಿಂಗ್ ಪರದೆ, ಮೂಡಿತು. ಪ್ರೊಸೆಸರಿನ ಉಷ್ಣತೆ ನಲವತ್ತರ ಆಸುಪಾಸು, ರ‍್ಯಾಮ್ 16 ಜಿಬಿ ಅಂತ ಸರಿಯಾಗಿ ತೋರಿಸುತ್ತಿತ್ತು. ಹುಡುಗ ಕುಣಿದಾಡಿದ. ಆ ಹೆಚ್ಚಿನ ಕಂಬವನ್ನು ಇಕ್ಕಳದಲ್ಲಿ ತಿರುಗಿಸಿ ಕಿತ್ತೆವು. ಬೋರ್ಡ್ ಒಳಗೆ ಹಾಕಿ, ವೈರೆಲ್ಲ ನೀಟಾಗಿ ಕಟ್ಟಿ, ಗಾಜು ಮುಚ್ಚಿ, ಕೋಣೆಗೆ ಒಯ್ದು, ನಾನೇ ಹಿರಿಯನಂತೆ ಬಟನ್ ಒತ್ತಿದೆ.

ಹೊತ್ತಿತು. ಆರಿತು. ಹೊತ್ತಿತು. ಆರಿತು.

ಅಷ್ಟರಲ್ಲಿ ಅಕ್ಕ ಕಾಫಿ ತಂದಳು. ಆ ಕಾಫಿಯ ರುಚಿ ನೆನಪಿಲ್ಲ.

ಡಬ್ಬಕ್ಕೂ ಕೇಸಿಗೂ ಎಷ್ಟು ದೂರ

ಕಾಫಿ ಕುಡಿಯುತ್ತ ಒಂದು ಹಾಳೆ ತೆಗೆದುಕೊಂಡು ಬರೆದೆ. ಡಬ್ಬದ ಮೇಲೆ ಓಡಿದ ಯಂತ್ರಕ್ಕೂ ಕೇಸಿನೊಳಗೆ ಓಡದ ಯಂತ್ರಕ್ಕೂ ಏನೇನು ವ್ಯತ್ಯಾಸ? ಕಂಬ ಒಂದೇ ಅಂದುಕೊಂಡಿದ್ದೆ. ಬರೆಯುತ್ತ ಹೋದಂತೆ ಪಟ್ಟಿ ಬೆಳೆಯಿತು. ಎರಡನೇ ರ‍್ಯಾಮ್. ಎಸ್‌ಎಸ್‌ಡಿ. ಕೇಸಿನ ಮೂರು ಫ್ಯಾನು. ಮುಂಭಾಗದ ಯುಎಸ್‌ಬಿ ಮತ್ತು ಆಡಿಯೋ ವೈರು. ಕೋಣೆಯಲ್ಲಿ ಯುಪಿಎಸ್ ಮೂಲಕ ಕರೆಂಟು, ಹಾಲ್‌ನಲ್ಲಿ ನೇರ ಗೋಡೆಯ ಪ್ಲಗ್ಗು. ಬಟನ್ ಬದಲು ಸ್ಕ್ರೂಡ್ರೈವರು. ಕಂಬವೂ ಸೇರಿ ಏಳು! ಒಂದೇ ಸಲಕ್ಕೆ ಏಳು ಸಂಗತಿ ಬದಲಾಯಿಸಿ, ಕಣ್ಣಿಗೆ ಕಂಡ ಒಂದರ ಮೇಲೆ ಗೂಬೆ ಕೂರಿಸಿದ್ದೆ.

ಆಗ ಆ ಹಳೆಯ ವಿಡಿಯೋ ನೆನಪಾಯಿತು. ಫೋನ್ ತೆಗೆದು, ಈ ಸಲ ದೀಪ ನೋಡದೆ ಬರೀ ಸೆಕೆಂಡು ಎಣಿಸಿದೆ. ಯಂತ್ರ ಉರಿದಿದ್ದ ಹೊತ್ತು: ನಾಲ್ಕು ಚಿಲ್ಲರೆ ಸೆಕೆಂಡು, ನಾಲ್ಕು ಚಿಲ್ಲರೆ, ಮತ್ತೆ ನಾಲ್ಕು ಚಿಲ್ಲರೆ. ಒಂದು ಸಲವೂ ತಪ್ಪಿಲ್ಲ. ಆರಿದ್ದ ಹೊತ್ತು: ಒಂದು ಸೆಕೆಂಡು, ಏಳು, ಎರಡು, ಹನ್ನೊಂದು. ತಾಳವೇ ಇಲ್ಲ.

ಕೆಟ್ಟ ಭಾಗಗಳು ಇಷ್ಟು ನಿಯತ್ತಾಗಿ ಗಡಿಯಾರ ನೋಡಿಕೊಂಡು ಕೆಡುವುದಿಲ್ಲ. ಶಾರ್ಟ್ ಆಗಿದ್ದರೆ ಪವರ್ ಸಪ್ಲೈ ಕಣ್ಣು ಮಿಟುಕಿಸುವುದರೊಳಗೆ ಆರುತ್ತದೆ. ಹಲವು ಸಪ್ಲೈಗಳು ಆಮೇಲೆ ಹಿಂದಿನ ಸ್ವಿಚ್ ಆರಿಸಿ ಹಾಕುವವರೆಗೆ ಮೇಲೇಳುವುದೇ ಇಲ್ಲ. ಬಿಸಿಯಾಗಿ ಆರುವುದಾದರೆ ಮೊದಲ ಸಲಕ್ಕಿಂತ ಎರಡನೇ ಸಲ ಬೇಗ, ಮೂರನೇ ಸಲ ಇನ್ನೂ ಬೇಗ ಆರಬೇಕು, ತಣಿಯಲು ಹೊತ್ತೆಲ್ಲಿ ಕೊಟ್ಟಿದೆ? ಪ್ರತಿ ಸಲವೂ ನಾಲ್ಕೇ ಸೆಕೆಂಡು ಎಂದರೆ ಯಾರೋ ಎಣಿಸಿ ಆರಿಸುತ್ತಿದ್ದಾರೆ.

ಎಣಿಸುವವರು ಯಾರೆಂದು ಕಂಪ್ಯೂಟರ್ ಬಳಸುವ ಎಲ್ಲರಿಗೂ ಗೊತ್ತು. ಯಂತ್ರ ಸಿಕ್ಕಿಕೊಂಡಾಗ ನಾವು ಏನು ಮಾಡುತ್ತೇವೆ? ಪವರ್ ಬಟನ್ ಒತ್ತಿ ಹಿಡಿಯುತ್ತೇವೆ. ಹಳೆಯ ಎಟಿ ಮಾದರಿಯ ಯಂತ್ರಗಳಲ್ಲಿ ಮುಂದಿನ ಸ್ವಿಚ್ಚು ಮನೆಯ ಕರೆಂಟನ್ನೇ ಕಡಿಯುತ್ತಿತ್ತು, ಲೈಟಿನ ಸ್ವಿಚ್ಚಿನ ಹಾಗೆ. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ಮಾದರಿಯಲ್ಲಿ ಆ ಬಟನ್ ಬರೀ ಒಂದು ವಿನಂತಿ, ಆನ್ ಮಾಡಬೇಕೋ ಆಫ್ ಮಾಡಬೇಕೋ ನಿರ್ಧರಿಸುವುದು ಬೋರ್ಡು. ಮರುವರ್ಷ ಇಂಟೆಲ್, ಮೈಕ್ರೋಸಾಫ್ಟ್, ತೋಶಿಬಾ ಸೇರಿ ಎಸಿಪಿಐ ಎಂಬ ನಿಯಮಾವಳಿ ತಂದವು. ಬಟನ್ನನ್ನು ನಾಲ್ಕು ಸೆಕೆಂಡಿಗಿಂತ ಹೆಚ್ಚು ಹೊತ್ತು ಒತ್ತಿ ಹಿಡಿದರೆ ಏನೇ ನಡೆಯುತ್ತಿದ್ದರೂ ಬಲವಂತವಾಗಿ ಆರಿಸು ಅನ್ನುವುದು ಅದರಲ್ಲಿದೆ. ಇದನ್ನು ಎಣಿಸುವುದು ಬೋರ್ಡಿನ ಸರ್ಕ್ಯೂಟು, ವಿಂಡೋಸ್ ಇನ್ನೂ ಹಾಕಿರದಿದ್ದರೂ ಎಣಿಸುತ್ತದೆ.

ಅಂದರೆ ಯಾರೂ ಮುಟ್ಟದಿದ್ದರೂ ಬೋರ್ಡಿನ ಕಣ್ಣಿಗೆ ಬಟನ್ ಒತ್ತಿಯೇ ಇದೆ. ಆರಿದ ಮೇಲೆ ಯಾವಾಗಲೋ ಒಂದು ಕ್ಷಣ ಕಾಂಟ್ಯಾಕ್ಟ್ ಬಿಟ್ಟು ಮತ್ತೆ ತಾಗುತ್ತದೆ. ಬೋರ್ಡಿಗೆ ಅದು ಹೊಸದಾಗಿ ಒತ್ತಿದ ಹಾಗೆ, ಎದ್ದು ಕೂರುತ್ತದೆ. ಉರಿಯುವ ಹೊತ್ತಿಗೆ ಲೆಕ್ಕವಿದ್ದು ಆರುವ ಹೊತ್ತಿಗೆ ಲೆಕ್ಕವಿಲ್ಲದಿರುವುದೂ ಇದಕ್ಕೇ.

ಹೊಳೆದ ಮೇಲೂ ಈ ಸಲ ಹೂಂ ಅನ್ನಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಅಂತ ಹುಡುಗನಿಗೂ ನನಗೂ ಒಪ್ಪಂದವಾಯಿತು. ಯುಪಿಎಸ್ ಬಿಟ್ಟು ನೇರ ಗೋಡೆಗೆ: ಅದೇ ಕುಣಿತ. ಫ್ಯಾನುಗಳ ವೈರ್ ಕಿತ್ತೆವು: ಅದೇ. ಮುಂಭಾಗದ ಯುಎಸ್‌ಬಿ, ಆಡಿಯೋ ಕಿತ್ತೆವು: ಅದೇ. ಪವರ್ ಬಟನ್ನಿನ ವೈರ್ ಕಿತ್ತು ಸ್ಕ್ರೂಡ್ರೈವರ್ ತಾಗಿಸಿದೆವು: ಎದ್ದ ಯಂತ್ರ ಕೂರಲಿಲ್ಲ. ಕೇಸಿನೊಳಗೇ, ಎರಡೂ ರ‍್ಯಾಮಿನ ಜೊತೆಗೇ, ಬಯಾಸ್ ಬಂತು. ಆ ವೈರನ್ನು ಮತ್ತೆ ಸಿಕ್ಕಿಸಿದ ತಕ್ಷಣ, ಎಣಿಸಿದ ಹಾಗೆ ನಾಲ್ಕು ಸೆಕೆಂಡಿಗೆ ಆರಿತು. ಮತ್ತೊಮ್ಮೆ ಕಿತ್ತು, ಮತ್ತೊಮ್ಮೆ ಸಿಕ್ಕಿಸಿ ನೋಡಿದೆವು. ತಪ್ಪು ಬರುವುದನ್ನೂ ಹೋಗುವುದನ್ನೂ ನಮ್ಮ ಇಷ್ಟದಂತೆ ಮಾಡಿ ತೋರಿಸುವವರೆಗೆ ಕಾರಣ ಸಿಕ್ಕಿದೆ ಅನ್ನಲು ನನಗೆ ಆ ಹೊತ್ತಿಗೆ ಧೈರ್ಯ ಉಳಿದಿರಲಿಲ್ಲ.

ಕರೆಂಟ್ ತೆಗೆದು, ಬೋರ್ಡಿನಿಂದ ಬೇರ್ಪಡಿಸಿದ ಆ ವೈರಿನ ಎರಡು ತುದಿಗೆ ಮಲ್ಟಿಮೀಟರನ್ನು ಬೀಪ್ ಮೋಡಿನಲ್ಲಿ ಹಿಡಿದೆ. ಬಟನ್ ಮುಟ್ಟದೆಯೇ ಕಿರ್ರ್ ಅನ್ನುತ್ತಿತ್ತು. ಕೇಸನ್ನು ಮೆಲ್ಲಗೆ ತಟ್ಟಿದರೆ ನಿಂತು ಮತ್ತೆ ಕಿರ್ರ್.

ಬಟನ್ನಿನ ಸುತ್ತಲ ಸಂದಿಗೆ ಟಾರ್ಚ್ ಬಿಟ್ಟೆ. ಸಂದಿಯ ತುಂಬ ಕೆಂಪು.

ಗಂಧ

ಬರೀ ಒಣ ಕುಂಕುಮ ಆಗಿದ್ದರೆ ಉದುರಿ ಹೋಗುತ್ತಿತ್ತು. ಅಕ್ಕ ಶಾಸ್ತ್ರೋಕ್ತವಾಗಿ ಸಾಣೆಕಲ್ಲಿನ ಮೇಲೆ ಗಂಧ ತೇಯ್ದು, ಒದ್ದೆ ಗಂಧದ ಬೊಟ್ಟಿಟ್ಟು, ಅದರ ಮೇಲೆ ಕುಂಕುಮ ಇಟ್ಟಿದ್ದಳು. ಬಟನ್ ಇರುವುದು ಕೇಸಿನ ನೆತ್ತಿಯ ಮೇಲೆ. ಗಂಧದ ನೀರು ಸಂದಿಯೊಳಗೆ ಇಳಿದು, ಮಧ್ಯಾಹ್ನದೊಳಗೆ ಒಣಗಿ, ಬಟನ್ನಿನ ಟೋಪಿಯನ್ನು ಒಂದು ಕೂದಲೆಳೆಯಷ್ಟು ಕೆಳಗೆ ಹಿಡಿದು ಕೂತಿತ್ತು. ಪೂರ್ತಿ ಒತ್ತಿಯೂ ಇಲ್ಲ, ಪೂರ್ತಿ ಬಿಟ್ಟೂ ಇಲ್ಲ. ಕೆಳಗಿನ ಪುಟ್ಟ ಸ್ವಿಚ್ಚು ತಾಗಿದೆಯೋ ಇಲ್ಲವೋ ಎಂಬ ಗೊಂದಲದಲ್ಲಿ ವಾರವಿಡೀ ಒದ್ದಾಡಿತ್ತು.

"ಬಟನ್ ಮೇಲೆ ಯಾಕಕ್ಕ ಇಟ್ಟೆ?"

"ಗುಂಡಗೆ ಚೆನ್ನಾಗಿತ್ತಲ್ಲ, ಬೊಟ್ಟಿಡೋಕೇ ಮಾಡಿದ ಹಾಗೆ. ಗಾಜಿಗೆ ಇಟ್ರೆ ಜಾರತ್ತೆ." ಸ್ವಲ್ಪ ತಡೆದು, "ಅಂದ್ರೆ ಇಷ್ಟು ದಿನದ ರಾಮಾಯಣಕ್ಕೆ ನಾನೇ ಕಾರಣನಾ?"

ಭಾವ ಪೇಪರಿನ ಹಿಂದಿನಿಂದಲೇ, "ಪೂಜೆ ಮಾಡ್ಸಿದ್ದಕ್ಕೆ ಅದು ಅಷ್ಟಾದ್ರೂ ಆನ್ ಆಗ್ತಿತ್ತು ಅನ್ಕೊ" ಅಂದರು.

ಅಕ್ಕನನ್ನು ದೂರುವುದರಲ್ಲಿ ಅರ್ಥವಿಲ್ಲ. ಹುಡುಗನಿಗೆ ಪೂಜೆಯ ವಿಷಯ ಟೆಕ್ನಿಕಲ್ ಅನ್ನಿಸಿರಲಿಲ್ಲ, ಹಾಗಾಗಿ ಫೋನಿನಲ್ಲಿ ಹೇಳಲಿಲ್ಲ. ನಾನು ಕೋಣೆಗೆ ಕಾಲಿಟ್ಟಾಗಲೇ ಆ ಬೊಟ್ಟನ್ನು ಕಣ್ಣಾರೆ ಕಂಡೆ, ನಕ್ಕೆ, ಮುಂದೆ ಹೋದೆ. ರ‍್ಯಾಮ್, ಬೋರ್ಡ್, ಪವರ್ ಸಪ್ಲೈ ಎಂದು ಬೆಲೆ ಇರುವ ವಸ್ತುಗಳ ಮೇಲೇ ನಮ್ಮ ಅನುಮಾನ ಓಡುತ್ತದೆ. ಹತ್ತಿಪ್ಪತ್ತು ರೂಪಾಯಿಯ ಸ್ವಿಚ್ಚಿನ ಸರದಿ ಬರುವಷ್ಟರಲ್ಲಿ ಅರ್ಧ ಯಂತ್ರ ಬದಲಾಗಿರುತ್ತದೆ.

ಬಯಾಸ್ ಕೂಡ ಕಾಣದೆ ಆರಿ ಹೊತ್ತುತ್ತಿದ್ದ ಯಂತ್ರದ ಕತೆ ಇದು. ಬಯಾಸ್ ಬಂದು, ವಿಂಡೋಸಿನ ಚಿಹ್ನೆ ಕಂಡ ಮೇಲೆ ರೀಸ್ಟಾರ್ಟ್ ಆಗುವುದಾದರೆ ಹುಡುಕುವ ದಾರಿಯೇ ಬೇರೆ. ಅಲ್ಲಿ ರ‍್ಯಾಮಿನ ವೇಗ ಹೆಚ್ಚಿಸುವ ಎಕ್ಸ್‌ಪೋ ಸೆಟ್ಟಿಂಗು, ಡ್ರೈವರು, ಎಸ್‌ಎಸ್‌ಡಿ ಮುಂದೆ ಬರುತ್ತವೆ. ವಿಂಡೋಸ್ ತಾನು ಕುಸಿದಾಗ ದೋಷದ ಪರದೆಯನ್ನು ಓದುವಷ್ಟು ಹೊತ್ತು ನಿಲ್ಲಿಸದೆ ರೀಸ್ಟಾರ್ಟ್ ಮಾಡುವ ಆಯ್ಕೆಯನ್ನು ಮೊದಲು ತೆಗೆದು ನೋಡಬೇಕು.

ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಇಯರ್ ಬಡ್‌ಗಳಲ್ಲಿ ಸಂದಿ ತಿಕ್ಕಿದೆವು. ಎಂಟು ಬಡ್ ಕೆಂಪಾದವು. ಬಟನ್ ಟಕ್ ಟಕ್ ಅನ್ನತೊಡಗಿತು, ಮೀಟರ್ ಮೌನವಾಯಿತು. ಆದರೂ ಒಣಗುವವರೆಗೆ ಇರಲಿ ಅಂತ ಆ ಹೊತ್ತಿಗೊಂದು ಉಪಾಯ ಮಾಡಿದೆವು. ರೀಸೆಟ್ ಬಟನ್ನೂ ಪವರ್ ಬಟನ್ನೂ ಒಳಗೆ ಒಂದೇ ಬಗೆಯ ಸ್ವಿಚ್ಚು, ಒತ್ತಿದಾಗ ಎರಡು ತಂತಿ ಕೂಡಿಸುವುದಷ್ಟೇ ಅವುಗಳ ಕೆಲಸ. ರೀಸೆಟ್ಟಿನ ವೈರನ್ನು ತೆಗೆದು ಪವರ್ ಪಿನ್ನುಗಳಿಗೆ ಸಿಕ್ಕಿಸಿದರೆ ಚಿಕ್ಕ ಬಟನ್ನೇ ಯಂತ್ರವನ್ನು ಎಬ್ಬಿಸುತ್ತದೆ. ಎಬ್ಬಿಸಿತು. ಸಂಜೆಯೊಳಗೆ ವಿಂಡೋಸ್ ಹಾಕಿ, ರಾತ್ರಿಯೆಲ್ಲ ಮೆಮೊರಿ ಪರೀಕ್ಷೆಗೆ ಬಿಟ್ಟೆವು. ಒಂದು ತಪ್ಪೂ ಬರಲಿಲ್ಲ. ಆ ಹಿತ್ತಾಳೆಯ ಕಂಬ ನಿರಪರಾಧಿಯಾದರೂ ಅಲ್ಲಿ ಇರಬಾರದಂಥದ್ದೇ, ಅದನ್ನು ವಾಪಸ್ ನೆಡಲಿಲ್ಲ.

ಮೊನ್ನೆ ಹೋದಾಗ ನೋಡಿದೆ, ಆ ತಾತ್ಕಾಲಿಕ ಏರ್ಪಾಡು ಹಾಗೇ ಇದೆ. ಹೆಸರುಕಾಳಿನಷ್ಟು ಬಟನ್ ಒತ್ತಿ ಹುಡುಗ ಯಂತ್ರ ಹಚ್ಚುತ್ತಾನೆ. ಮೇಲಿನ ದೊಡ್ಡ ಗುಂಡು ಬಟನ್ನಿನ ವೈರು ಎಲ್ಲಿಗೂ ಸೇರದೆ ಒಳಗೆ ಸುತ್ತಿಟ್ಟಿದೆ. ಅಕ್ಕ ಹಬ್ಬ ಬಂದಾಗಲೆಲ್ಲ ಅದರ ಮೇಲೆ ಗಂಧದ ಬೊಟ್ಟಿಡುತ್ತಾಳೆ.